ಹನಿ ಎಷ್ಟು, ಕಾಯುವುದೆಷ್ಟು?
(ಮಣ್ಣು ಪರೀಕ್ಷಾಲಯದ ಸಿಬ್ಬಂದಿ, ವಿಸ್ತರಣಾ ಕಾರ್ಯಕರ್ತರು ಹಾಗೂ ರೈತರ ಸಭೆಯೊಂದರಲ್ಲಿ ಸ್ವಯಂಚಾಲಿತ ಅನುಮಾಪನ ಕುರಿತು ಮಾಡಿದ ಭಾಷಣದ ಪಠ್ಯ)



ಮಣ್ಣು ಪರೀಕ್ಷೆಯ ವರದಿಯಲ್ಲಿ ‘ಸಾವಯವ ಇಂಗಾಲ ಕಡಿಮೆ’ ಎಂದು ಬರೆದಿದ್ದರೆ ಹೊಲಕ್ಕೆ ಒಂದು ಪ್ರಮಾಣದ ಸಾರಜನಕವನ್ನು ಹೇಳುತ್ತೇವೆ. ‘ಮಧ್ಯಮ’ ಎಂದಿದ್ದರೆ ಇನ್ನೊಂದು ಪ್ರಮಾಣ. ಶೇಕಡ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75ರವರೆಗೆ ಮಧ್ಯಮ, ಅದಕ್ಕೂ ಮೇಲೆ ಹೆಚ್ಚು. ಈ ಗೆರೆಗಳು ನಿಮ್ಮಲ್ಲಿ ಬಹಳ ಮಂದಿಗೆ ಬಾಯಿಪಾಠ. ಆದರೆ ಆ ಅಂಕಿ ಹುಟ್ಟುವುದು ಎಲ್ಲಿ? ಪ್ರಯೋಗಾಲಯದ ಒಂದು ಗಾಜಿನ ಪಾತ್ರೆಯಲ್ಲಿ, ಬ್ಯೂರೆಟ್ಟಿನಿಂದ ಬೀಳುವ ಕೊನೆಯ ಕೆಲವು ಹನಿಗಳಲ್ಲಿ. ಈಗ ಅನೇಕ ಕಡೆ ಆ ಹನಿಗಳನ್ನು ಬಿಡುವುದು ಮನುಷ್ಯನ ಬೆರಳಲ್ಲ, ಯಂತ್ರ. ಯಂತ್ರ ಹನಿಯನ್ನು ಯಾವ ಲೆಕ್ಕದಲ್ಲಿ ಬಿಡಬೇಕು ಎಂಬುದನ್ನು ಮಾತ್ರ ಇಂದಿಗೂ ಮನುಷ್ಯನೇ ಹೇಳಿಕೊಡಬೇಕು. ಇಂದಿನ ಮಾತು ಅದರ ಬಗ್ಗೆ.

ಅನುಮಾಪನ ಎಂದರೆ ಬಹಳ ದೊಡ್ಡ ವಿದ್ಯೆಯೇನಲ್ಲ. ಎಷ್ಟಿದೆಯೆಂದು ಗೊತ್ತಿಲ್ಲದ ಒಂದು ವಸ್ತುವಿಗೆ, ಬಲ ಗೊತ್ತಿರುವ ಇನ್ನೊಂದು ದ್ರಾವಣವನ್ನು ಅಳೆದು ಅಳೆದು ಸೇರಿಸುತ್ತಾ ಹೋಗುವುದು. ಎರಡೂ ಸರಿಸಮವಾದ ಘಳಿಗೆಯಲ್ಲಿ ನಿಲ್ಲಿಸುವುದು. ಖರ್ಚಾದ ದ್ರಾವಣದಿಂದ ಇದ್ದ ವಸ್ತುವಿನ ಲೆಕ್ಕ ತೆಗೆಯುವುದು. ಸಂತೆಯಲ್ಲಿ ಬೆಲ್ಲ ತೂಗುವವನು ಮಾಡುವುದೂ ಇದನ್ನೇ. ಮೊದಲು ದೊಡ್ಡ ಉಂಡೆ, ಆಮೇಲೆ ತುಂಡು, ತಕ್ಕಡಿಯ ಮುಳ್ಳು ಅಲ್ಲಾಡತೊಡಗಿದಾಗ ಚೂರು. ಆದರೆ ಅವನಿಗೆ ಇರುವ ಒಂದು ಅನುಕೂಲ ನಮಗಿಲ್ಲ. ತೂಕ ಹೆಚ್ಚಾದರೆ ಅವನು ಒಂದು ಚೂರನ್ನು ಹಿಂದಕ್ಕೆ ತೆಗೆಯಬಹುದು. ಬ್ಯೂರೆಟ್ಟಿನಿಂದ ಬಿದ್ದ ಹನಿಯನ್ನು ಹಿಂದಕ್ಕೆ ಎತ್ತಲಾಗದು.

ಕೈಯಿಂದ ಮಾಡುವಾಗ ನಾವು ಬಣ್ಣವನ್ನು ನೋಡಿ ನಿಲ್ಲಿಸುತ್ತೇವೆ. ಯಂತ್ರಕ್ಕೆ ಕಣ್ಣಿಲ್ಲ. ಅದರ ಬದಲು ದ್ರಾವಣದಲ್ಲಿ ಎಲೆಕ್ಟ್ರೋಡ್ ಎಂಬ ಕಡ್ಡಿಯೊಂದು ಮುಳುಗಿರುತ್ತದೆ. ಅದು ರಸಸಾರವನ್ನೋ, ಮಿಲಿವೋಲ್ಟ್ ಲೆಕ್ಕದಲ್ಲಿ ವಿದ್ಯುತ್ ಒತ್ತಡವನ್ನೋ ತೋರಿಸುತ್ತಿರುತ್ತದೆ. ಪ್ರತಿ ಸಲ ದ್ರಾವಣ ಬಿಟ್ಟ ಮೇಲೆ ಯಂತ್ರ ಈ ಅಂಕಿಯನ್ನು ಓದಿ ಗೆರೆ ಎಳೆಯುತ್ತಾ ಹೋಗುತ್ತದೆ. ಗೆರೆ ಎಲ್ಲಿ ಕಡಿದಾಗಿ ಬೀಳುತ್ತದೋ ಅಥವಾ ಏರುತ್ತದೋ ಅಲ್ಲಿ ಅಂತ್ಯಬಿಂದು. ಈ ಗೆರೆಯ ಆಕಾರ ಎಲ್ಲ ಪರೀಕ್ಷೆಗಳಲ್ಲೂ ಒಂದೇ ಆಗಿರುವುದಿಲ್ಲ. ಆದುದರಿಂದಲೇ ಹನಿ ಬಿಡುವ ಕ್ರಮವೂ ಒಂದೇ ಆಗಿರಲು ಸಾಧ್ಯವಿಲ್ಲ.

ಯಂತ್ರಗಳಲ್ಲಿ ಮುಖ್ಯವಾಗಿ ಮೂರು ಕ್ರಮಗಳಿರುತ್ತವೆ. ಮೊದಲನೆಯದು ಸಮ ಹನಿ ಕ್ರಮ. ಆರಂಭದಿಂದ ಕೊನೆಯವರೆಗೆ ಪ್ರತಿ ಸಲವೂ ಒಂದೇ ಅಳತೆ, 0.1 ಮಿ.ಲೀ. ಎಂದರೆ ಪ್ರತಿಸಲವೂ 0.1. ಎರಡನೆಯದು ಹೊಂದಿಕೊಳ್ಳುವ ಕ್ರಮ. ಗೆರೆ ಚಪ್ಪಟೆಯಾಗಿರುವಾಗ ಯಂತ್ರ ದೊಡ್ಡ ಅಳತೆ ಬಿಡುತ್ತದೆ. ಗೆರೆ ಬಾಗಲು ತೊಡಗಿತೆಂದರೆ, ಪ್ರತಿ ಸಲಕ್ಕೂ ಮಿಲಿವೋಲ್ಟಿನಲ್ಲಿ ಆಗುವ ಬದಲಾವಣೆ ಸುಮಾರು ಒಂದೇ ಇರುವಂತೆ ಅಳತೆಯನ್ನು ತಾನೇ ಕಿರಿದು ಮಾಡಿಕೊಳ್ಳುತ್ತದೆ. ಮೂರನೆಯದರಲ್ಲಿ ಗೆರೆಯ ಗೊಡವೆಯೇ ಇಲ್ಲ. ‘ರಸಸಾರ ಇಷ್ಟಕ್ಕೆ ಬಂದ ಕೂಡಲೇ ನಿಲ್ಲು’ ಎಂದು ಗುರಿಯೊಂದನ್ನು ಕೊಟ್ಟುಬಿಡುತ್ತೇವೆ. ಯಂತ್ರ ದೂರದಲ್ಲಿದ್ದಾಗ ವೇಗವಾಗಿಯೂ ಗುರಿ ಸಮೀಪಿಸಿದಾಗ ನಿಧಾನವಾಗಿಯೂ ದ್ರಾವಣ ಬಿಡುತ್ತದೆ.

ಹೊಂದಿಕೊಳ್ಳುವ ಕ್ರಮ ಕೇಳಲು ಬಹಳ ಜಾಣತನದ್ದೆನಿಸುತ್ತದೆ, ಎಲ್ಲದಕ್ಕೂ ಅದನ್ನೇ ಇಟ್ಟರಾಯಿತು ಎಂದು ಹೊಸದಾಗಿ ಯಂತ್ರ ಕೊಂಡವರು ತಿಳಿಯುವುದುಂಟು. ಈ ತಿಳುವಳಿಕೆ ಸರಿಯಲ್ಲ. ಏಕೆಂಬುದನ್ನು ಸಾವಯವ ಇಂಗಾಲದ ಪರೀಕ್ಷೆಯಿಂದಲೇ ನೋಡೋಣ.

ವಾಕ್ಲಿ ಮತ್ತು ಬ್ಲ್ಯಾಕ್ ಎಂಬ ಇಬ್ಬರು 1934ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿದೆ. (ಹಸಿರು ಬಣ್ಣದ ಗಾಢತೆಯನ್ನು ಅಳೆದು ಇಂಗಾಲ ಹೇಳುವ ಪ್ರಯೋಗಾಲಯಗಳೂ ಇವೆ; ಅವುಗಳಿಗೆ ಈ ಮಾತು ಅನ್ವಯಿಸದು.) 1 ಗ್ರಾಂ ಮಣ್ಣಿಗೆ 1 ನಾರ್ಮಲ್ ಬಲದ ಪೊಟ್ಯಾಸಿಯಂ ಡೈಕ್ರೋಮೇಟ್ 10 ಮಿ.ಲೀ., ಪ್ರಬಲ ಗಂಧಕಾಮ್ಲ 20 ಮಿ.ಲೀ. ಸೇರಿಸಿ ಅರ್ಧ ಗಂಟೆ ಇಡುತ್ತೇವೆ. ಮಣ್ಣಿನ ಇಂಗಾಲ ಒಂದಿಷ್ಟು ಡೈಕ್ರೋಮೇಟನ್ನು ತಿಂದುಹಾಕುತ್ತದೆ. ತಿಂದು ಉಳಿದದ್ದೆಷ್ಟು ಎಂದು 0.5 ನಾರ್ಮಲ್ ಬಲದ ಫೆರಸ್ ಅಮೋನಿಯಂ ಸಲ್ಫೇಟ್ ದ್ರಾವಣ ಬಿಟ್ಟು ನೋಡುತ್ತೇವೆ. ಮಣ್ಣಿಲ್ಲದ ಖಾಲಿ ಪಾತ್ರೆಗೆ ಸುಮಾರು 20 ಮಿ.ಲೀ. ಹಿಡಿಯುತ್ತದೆ. ಮಣ್ಣಿರುವ ಪಾತ್ರೆಗೆ ಅದಕ್ಕಿಂತ ಎಷ್ಟು ಕಡಿಮೆ ಹಿಡಿಯಿತೋ ಅದೇ ಇಂಗಾಲದ ಲೆಕ್ಕ. 1 ಮಿ.ಲೀ. ವ್ಯತ್ಯಾಸಕ್ಕೆ ಶೇಕಡ 0.15 ಇಂಗಾಲ. ಈ ಒಂದು ಅಂಕಿಯನ್ನು ನೆನಪಿನಲ್ಲಿಡಿ.

ಹಾಗಾದರೆ ‘ಕಡಿಮೆ’ ಎಂಬ ವರ್ಗ ಮುಗಿಯುವುದು 3.33 ಮಿ.ಲೀ. ವ್ಯತ್ಯಾಸದಲ್ಲಿ, ‘ಹೆಚ್ಚು’ ಆರಂಭವಾಗುವುದು 5 ಮಿ.ಲೀ. ದಾಟಿದ ಮೇಲೆ. ಇಡೀ ‘ಮಧ್ಯಮ’ ವರ್ಗಕ್ಕೆ ಬ್ಯೂರೆಟ್ಟಿನಲ್ಲಿರುವ ಜಾಗ 1.67 ಮಿ.ಲೀ. ಮಾತ್ರ! ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಅರ್ಧ ಅರ್ಧ ಮಿ.ಲೀ. ಹೆಜ್ಜೆ ಹಾಕಿ ನಡೆದರೆ ಏನಾಗುತ್ತದೆ? ಉದಾಹರಣೆಗಾಗಿ, ಒಂದು ಮಣ್ಣಿನ ನಿಜವಾದ ಅಂತ್ಯಬಿಂದು 16.66 ಮಿ.ಲೀ., ಖಾಲಿ ಪಾತ್ರೆಯದು 20.00 ಎಂದಿಟ್ಟುಕೊಳ್ಳಿ. ವ್ಯತ್ಯಾಸ 3.34, ಇಂಗಾಲ ಶೇಕಡ 0.50. ಅರ್ಧ ಮಿ.ಲೀ. ಅಳತೆಯಲ್ಲಿ ಹೋಗುವ ಯಂತ್ರ ಮಣ್ಣಿನ ಪಾತ್ರೆಯಲ್ಲಿ 17.0ಕ್ಕೆ ಬಂದಾಗ ‘ಮುಗಿಯಿತು’ ಎನ್ನುತ್ತದೆ. ಖಾಲಿ ಪಾತ್ರೆಯಲ್ಲಿ ಅದು 20.0ರಲ್ಲೇ ನಿಂತರೆ ವ್ಯತ್ಯಾಸ 3.0, ಇಂಗಾಲ ಶೇಕಡ 0.45. ಕೂದಲೆಳೆಯಲ್ಲಿ ತಪ್ಪಿ 20.5ಕ್ಕೆ ಹೋದರೆ ವ್ಯತ್ಯಾಸ 3.5, ಇಂಗಾಲ 0.525. ಅದೇ ಮಣ್ಣು, ಅದೇ ಯಂತ್ರ, ಅದೇ ದಿನ. ಒಂದು ಸಲ ಕಡಿಮೆ, ಇನ್ನೊಂದು ಸಲ ಮಧ್ಯಮ.

ಇದರಿಂದ ರೈತನಿಗೆ ಆಗುವುದೇನು? ಕಡಿಮೆ ಎಂದಾದರೆ ಶಿಫಾರಸಿನ ಸಾರಜನಕವನ್ನು ಕಾಲು ಭಾಗ ಹೆಚ್ಚಿಸುವುದು ರೂಢಿಯಲ್ಲಿರುವ ಒಂದು ಕ್ರಮ. ಹೆಕ್ಟೇರಿಗೆ 100 ಕಿಲೋ ಸಾರಜನಕ ಕೇಳುವ ಬೆಳೆಯಾದರೆ 25 ಕಿಲೋ ಹೆಚ್ಚು, ಅಂದರೆ 54 ಕಿಲೋ ಯೂರಿಯಾ. ಎಕರೆ ಲೆಕ್ಕದಲ್ಲಿ 22 ಕಿಲೋ, ಈಗಿನ 45 ಕಿಲೋ ಮೂಟೆಯಲ್ಲಿ ಹತ್ತಿರ ಹತ್ತಿರ ಅರ್ಧ ಮೂಟೆ. ಬೇಡದ ಕಡೆ ಹಾಕಿದರೆ ಹಣವೂ ಹೋಯಿತು, ಪೈರು ಸೊಕ್ಕಿ ಮಲಗಲೂಬಹುದು. ಬೇಕಾದ ಕಡೆ ಹಾಕದಿದ್ದರೆ ಇಳುವರಿ ಹೋಯಿತು.

ಸರಿ, ಹಾಗಾದರೆ ಹೊಂದಿಕೊಳ್ಳುವ ಕ್ರಮ ಇಟ್ಟರೆ ಯಂತ್ರ ತಾನೇ ಕಿರಿದು ಮಾಡಿಕೊಳ್ಳುತ್ತದಲ್ಲವೇ ಎಂದು ಕೇಳಬಹುದು. ತೊಂದರೆ ಇರುವುದೇ ಇಲ್ಲಿ. ಡೈಕ್ರೋಮೇಟಿನ ಗೆರೆ ಬಹಳ ಹೊತ್ತು ಚಪ್ಪಟೆಯಾಗಿ ಸಾಗಿ, ಒಂದೆರಡು ಹನಿಗಳ ಅಂತರದಲ್ಲಿ ಬಾವಿಗೆ ಬಿದ್ದಂತೆ ಬೀಳುತ್ತದೆ. ಮುನ್ಸೂಚನೆ ಸಾಕಷ್ಟು ಸಿಗುವುದಿಲ್ಲ. ಚಪ್ಪಟೆ ಗೆರೆಯನ್ನು ನೋಡಿ ಯಂತ್ರ ‘ಇನ್ನೂ ದೂರವಿದೆ’ ಎಂದು ದೊಡ್ಡ ಅಳತೆ ಬಿಡುತ್ತಿರುತ್ತದೆ. ಆ ದೊಡ್ಡ ಅಳತೆಯ ನಡುವೆಯೇ ಅಂತ್ಯಬಿಂದು ಕಳೆದುಹೋಗಬಹುದು. ಇಂಥ ಕಡಿದಾದ ಗೆರೆಗೆ ಸಮ ಹನಿ ಕ್ರಮವೇ ಮೇಲು. ಇಲ್ಲವೇ, ಹೊಂದಿಕೊಳ್ಳುವ ಕ್ರಮಕ್ಕೆ ‘ಎಷ್ಟೇ ಚಪ್ಪಟೆಯಿದ್ದರೂ 0.2 ಮಿ.ಲೀ. ಮೀರಬೇಡ’ ಎಂದು ಮೇಲಿನ ಮಿತಿ ಹಾಕಬೇಕು.

ಸಮ ಹನಿಯಾಗಿ 0.1 ಮಿ.ಲೀ. ಇಟ್ಟರೆ ಒಂದು ಹೆಜ್ಜೆಗೆ ಶೇಕಡ 0.015 ಇಂಗಾಲ. ನಮ್ಮ ಕೆಲಸಕ್ಕೆ ಇದು ಸಾಕು. ಅಷ್ಟೇ ಅಲ್ಲ, ಗೆರೆಯನ್ನು ಸರಿಯಾಗಿ ಓದಿದರೆ ಹೆಜ್ಜೆಗಿಂತಲೂ ಸೂಕ್ಷ್ಮವಾಗಿ ಅಂತ್ಯಬಿಂದು ಸಿಗುತ್ತದೆ. ಅದೇ ಉದಾಹರಣೆಯಲ್ಲಿ, 16.5 ಮಿ.ಲೀ.ಗೆ 806 ಮಿಲಿವೋಲ್ಟ್, 16.6ಕ್ಕೆ 790, 16.7ಕ್ಕೆ 640, 16.8ಕ್ಕೆ 575 ಎಂದು ಇಟ್ಟುಕೊಳ್ಳಿ. ಇಳಿತಗಳು ಕ್ರಮವಾಗಿ 16, 150, 65. ಇಳಿತ ಎಷ್ಟು ಹೆಚ್ಚಿತೆಂದು ನೋಡಿದರೆ 16.6ರ ಬಳಿ 134. ಎಷ್ಟು ತಗ್ಗಿತೆಂದು ನೋಡಿದರೆ 16.7ರ ಬಳಿ 85. ಎರಡನ್ನೂ ಕೂಡಿದರೆ 219. ಇದರಲ್ಲಿ 134ರ ಪಾಲಿನಷ್ಟು ದೂರ 16.6ರಿಂದ ಮುಂದೆ ಹೋದರೆ 0.06, ಅಂದರೆ ಅಂತ್ಯಬಿಂದು 16.66. ಯಂತ್ರ ಒಳಗೆ ಮಾಡುವುದು ಹೆಚ್ಚು ಕಡಿಮೆ ಇದೇ ಲೆಕ್ಕ. ಆದರೆ ಇಡೀ ಇಳಿತ ಒಂದೇ ದೊಡ್ಡ ಹೆಜ್ಜೆಯೊಳಗೆ ಬಿದ್ದುಹೋದರೆ ಈ ಲೆಕ್ಕಕ್ಕೆ ಆಧಾರವೇ ಇಲ್ಲದಂತಾಗುತ್ತದೆ.

‘ಹಾಗಿದ್ದರೆ 0.01 ಮಿ.ಲೀ. ಇಟ್ಟುಬಿಡೋಣ, ಯಂತ್ರಕ್ಕೆ ಆಯಾಸವೇನು’ ಎನ್ನುವವರಿದ್ದಾರೆ. ಇದೂ ತಪ್ಪು ದಾರಿ. ಕಲಕುವ ಕಡ್ಡಿಯ ಅಲುಗಾಟ, ಎಲೆಕ್ಟ್ರೋಡಿನ ಕೊಳೆ, ಮಣ್ಣಿನ ಕಣ ಇವುಗಳಿಂದ ಮಿಲಿವೋಲ್ಟ್ ಅಂಕಿ ಸುಮ್ಮನೆಯೂ ಒಂದಿಷ್ಟು ತೂಗಾಡುತ್ತಿರುತ್ತದೆ. ಹೆಜ್ಜೆ ಅತಿ ಕಿರಿದಾದರೆ ನಿಜವಾದ ಬದಲಾವಣೆಯೂ ಈ ತೂಗಾಟದಷ್ಟೇ ಆಗಿ, ಇಲ್ಲದ ಕಡೆ ಅಂತ್ಯಬಿಂದು ಕಾಣಿಸತೊಡಗುತ್ತದೆ. ಒಂದೇ ಮಣ್ಣಿಗೆ ಎರಡು ಮೂರು ಅಂತ್ಯಬಿಂದುಗಳನ್ನು ಯಂತ್ರ ಮುದ್ರಿಸಿ ಕೊಟ್ಟರೆ ಮೊದಲು ಸಂಶಯಿಸಬೇಕಾದದ್ದು ಇದನ್ನು. ಕೈ ಬ್ಯೂರೆಟ್ಟಿನ ಒಂದು ಹನಿಯೇ ಸುಮಾರು 0.05 ಮಿ.ಲೀ. ಇರುತ್ತದೆ ಎಂಬುದನ್ನೂ ಮರೆಯಬಾರದು. ಯಂತ್ರದ ನಳಿಗೆಯ ತುದಿ ದ್ರಾವಣದಲ್ಲಿ ಮುಳುಗಿರದೆ ಮೇಲೆ ತೂಗುತ್ತಿದ್ದರೆ, 0.01 ಎಂದು ನೀವು ಬರೆದದ್ದು ತುದಿಯಲ್ಲಿ ನೇತಾಡುತ್ತಿರುತ್ತದೆಯೇ ಹೊರತು ಪಾತ್ರೆಗೆ ಬಿದ್ದಿರುವುದಿಲ್ಲ.

ಸಮಯದ ಪ್ರಶ್ನೆಯೂ ಇದೆ. ಸೊನ್ನೆಯಿಂದ 17 ಮಿ.ಲೀ.ವರೆಗೆ 0.1ರಂತೆ ಹೋದರೆ 170 ಹೆಜ್ಜೆ. ದಿನಕ್ಕೆ ನೂರಾರು ಮಾದರಿ ಬರುವ ಕಡೆ ಇದು ಆಗದ ಮಾತು. ಆದುದರಿಂದ ಮೊದಲ 12 ಮಿ.ಲೀ.ಯನ್ನು ಒಟ್ಟಿಗೇ ಬಿಟ್ಟು ಅಲ್ಲಿಂದ ಸಣ್ಣ ಹೆಜ್ಜೆ ಹಾಕಿಸಬಹುದು. 50 ಹೆಜ್ಜೆಯೊಳಗೆ ಕೆಲಸ ಮುಗಿಯುತ್ತದೆ. ಬಯಲುಸೀಮೆಯ ಕೆಂಪು ಮಣ್ಣಿಗೆ ಇದು ಚೆನ್ನಾಗಿ ನಡೆಯುತ್ತದೆ. ಅದೇ ಹೊಂದಾಣಿಕೆಯಲ್ಲಿ ಮಲೆನಾಡಿನ ಕಾಫಿ ತೋಟದ ಮಣ್ಣನ್ನು ಇಟ್ಟರೆ? ಇಂಗಾಲ ಶೇಕಡ 1.2 ದಾಟಿದ ಮಣ್ಣಿನಲ್ಲಿ ಅಂತ್ಯಬಿಂದು 12 ಮಿ.ಲೀ.ಗೂ ಮೊದಲೇ ಇರುತ್ತದೆ. ಯಂತ್ರ ಅದನ್ನು ಹಾರಿಕೊಂಡು ಹೋಗಿ, ಮುಂದೆಲ್ಲೋ ಹುಡುಕುತ್ತಾ ಕೂರುತ್ತದೆ. ಇಂಥ ಮಣ್ಣಿಗೆ ಮೊದಲ ಬಿಡುಗಡೆಯನ್ನು ತಗ್ಗಿಸಬೇಕು, ಮಣ್ಣನ್ನೂ 1 ಗ್ರಾಂ ಬದಲು ಅರ್ಧ ಗ್ರಾಂ ತೆಗೆದುಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಮಾದರಿಯ ಚೀಲದ ಮೇಲೆ ‘ತೋಟ’, ‘ಗದ್ದೆ’, ‘ಹೊಲ’ ಎಂದು ಬರೆದು ಕಳಿಸಿದರೆ ಪ್ರಯೋಗಾಲಯದವರಿಗೆ ಎಷ್ಟು ಉಪಕಾರವೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಹೊಂದಿಕೊಳ್ಳುವ ಕ್ರಮ ಯಾವುದಕ್ಕೆ ಒಳ್ಳೆಯದು? ಗೆರೆ ನಿಧಾನವಾಗಿ ಬಾಗಿ, ಬರುವುದನ್ನು ಮೊದಲೇ ಹೇಳಿ ಬರುವ ಪರೀಕ್ಷೆಗಳಿಗೆ. ಕೊಳವೆ ಬಾವಿ ನೀರಿನ ಕಾರ್ಬೊನೇಟ್, ಬೈಕಾರ್ಬೊನೇಟುಗಳನ್ನು ಆಮ್ಲದಿಂದ ಅಳೆಯುವುದು ಇಂಥದು. ಮೊದಲ ತಿರುವು ರಸಸಾರ 8.3ರ ಸುಮಾರಿಗೆ, ಎರಡನೆಯದು 4.5ರ ಸುಮಾರಿಗೆ. ಒಂದು ನೀರಿನಲ್ಲಿ ಸ್ವಲ್ಪ, ಇನ್ನೊಂದರಲ್ಲಿ ಬಹಳ ಇದ್ದರೂ ಯಂತ್ರ ತಾನೇ ಹೊಂದಿಕೊಂಡು ಹೋಗುತ್ತದೆ. ಈ ಅಂಕಿಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಮೊತ್ತವನ್ನು ಕಳೆದರೆ ಉಳಿಕೆ ಸೋಡಿಯಂ ಕಾರ್ಬೊನೇಟ್ ಸಿಗುತ್ತದೆ. ಲೀಟರಿಗೆ 1.25 ಮಿಲಿ ಈಕ್ವಿವಲೆಂಟಿಗಿಂತ ಕಡಿಮೆಯಿದ್ದರೆ ನೀರು ನೀರಾವರಿಗೆ ಸುರಕ್ಷಿತ, 2.5 ದಾಟಿದರೆ ಯೋಗ್ಯವಲ್ಲ. 5 ಮಿ.ಲೀ. ನೀರನ್ನು 0.01 ನಾರ್ಮಲ್ ದ್ರಾವಣದಿಂದ ಅಳೆದರೆ 1 ಮಿ.ಲೀ.ಗೆ 2 ಮಿಲಿ ಈಕ್ವಿವಲೆಂಟ್. ಎರಡು ಬೇರೆ ಬೇರೆ ಅನುಮಾಪನಗಳ ತಪ್ಪು ಒಂದೇ ಅಂಕಿಯೊಳಗೆ ಬಂದು ಸೇರುತ್ತದೆ. ಹಾಗಾಗಿ ನೀರನ್ನೇ 5ರ ಬದಲು 25 ಮಿ.ಲೀ. ತೆಗೆದುಕೊಳ್ಳುವುದು ಹನಿಯನ್ನು ಕಿರಿದು ಮಾಡುವುದಕ್ಕಿಂತ ಸುಲಭದ ಉಪಾಯ. ಹೆಜ್ಜೆಯ ಅಳತೆಯನ್ನೇ ಹಿಡಿದು ಜಗ್ಗಾಡುವವರು ಇದನ್ನು ಬಹಳ ಸಲ ಮರೆಯುತ್ತಾರೆ.

ಗುರಿ ಕೊಟ್ಟು ನಿಲ್ಲಿಸುವ ಮೂರನೆಯ ಕ್ರಮ ಮಣ್ಣಿನ ಲಭ್ಯ ಸಾರಜನಕದ ಪರೀಕ್ಷೆಗೆ ಹೊಂದುತ್ತದೆ. ಸುಬ್ಬಯ್ಯ ಮತ್ತು ಅಸಿಜ ಅವರು 1956ರಲ್ಲಿ ನಮ್ಮ ದೇಶದಲ್ಲೇ ರೂಪಿಸಿ ಪ್ರಕಟಿಸಿದ ವಿಧಾನವಿದು. ಪರ್ಮ್ಯಾಂಗನೇಟಿನೊಡನೆ ಮಣ್ಣನ್ನು ಬಟ್ಟಿ ಇಳಿಸಿ, ಹೊರಬಂದ ಅಮೋನಿಯವನ್ನು ಬೋರಿಕ್ ಆಮ್ಲದಲ್ಲಿ ಹಿಡಿದು, 0.02 ನಾರ್ಮಲ್ ಗಂಧಕಾಮ್ಲದಿಂದ ಅಳೆಯುತ್ತೇವೆ. 20 ಗ್ರಾಂ ಮಣ್ಣಿಗೆ 1 ಮಿ.ಲೀ. ಆಮ್ಲವೆಂದರೆ ಹೆಕ್ಟೇರಿಗೆ 31.36 ಕಿಲೋ ಸಾರಜನಕ. ಕಡಿಮೆ ಎಂಬ ವರ್ಗದ ಮಿತಿಯಾದ 280 ಕಿಲೋ ಬರುವುದು ಸುಮಾರು 8.9 ಮಿ.ಲೀ.ಗೆ. ಹಿಡಿಯಬೇಕಾದ ರಸಸಾರ ಮೊದಲೇ ಗೊತ್ತಿರುವುದರಿಂದ ಗೆರೆ ಪೂರ್ತಿ ಎಳೆಯುವ ಅಗತ್ಯವಿಲ್ಲ.

ಇಲ್ಲಿ ಆಯ್ಕೆ ಮಾಡಬೇಕಾದದ್ದು ಹೆಜ್ಜೆಯಲ್ಲ, ನಿಧಾನಿಸುವ ಜಾಗ. ನೀರು ಹಾಯಿಸುವವರಿಗೆ ಇದು ಚೆನ್ನಾಗಿ ಗೊತ್ತು. ಕೊನೆಯ ಮಡಿ ತುಂಬಿದ ಮೇಲೆ ತೂಬು ಮುಚ್ಚಲು ಹೋದರೆ ಕಾಲುವೆಯಲ್ಲಿ ಬರುತ್ತಿರುವ ನೀರೆಲ್ಲ ಬಂದು ಬದು ಒಡೆಯುತ್ತದೆ. ಅದಕ್ಕೆ ಇನ್ನೂ ಸ್ವಲ್ಪ ಬಾಕಿಯಿರುವಾಗಲೇ ತೂಬು ತಗ್ಗಿಸುತ್ತೀರಿ. ಪಾತ್ರೆಯಲ್ಲಿಯೂ ಹಾಗೆಯೇ. ಬಿದ್ದ ಆಮ್ಲ ಬೆರೆತು ಎಲೆಕ್ಟ್ರೋಡಿಗೆ ಮುಟ್ಟಲು ಕೆಲವು ಸೆಕೆಂಡು ಬೇಕು. ಗುರಿಗೆ ತೀರ ಹತ್ತಿರದವರೆಗೂ ವೇಗವಾಗಿ ಬಿಟ್ಟರೆ ಗುರಿ ಮೀರುವುದು ಖಂಡಿತ. ತೀರ ದೂರದಿಂದಲೇ ನಿಧಾನಿಸಿದರೆ ಹೊತ್ತು ಹಾಳು. ಒಂದೇ ಮಾದರಿಯನ್ನು ನಾಲ್ಕೈದು ಸಲ ಬೇರೆ ಬೇರೆ ಹೊಂದಾಣಿಕೆಯಲ್ಲಿ ಓಡಿಸಿ ನೋಡಿದರೆ ನಿಮ್ಮ ಪಾತ್ರೆ, ನಿಮ್ಮ ಕಲಕು ಕಡ್ಡಿಗೆ ಹೊಂದುವ ಜಾಗ ತಾನೇ ತಿಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಹನಿಯ ಅಳತೆಯಲ್ಲ, ಹನಿಗಳ ನಡುವೆ ಕಾಯುವ ಹೊತ್ತು ಎಂಬುದು ನನ್ನ ಅಭಿಪ್ರಾಯ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಸುಣ್ಣ ಎಷ್ಟು ಬೇಕೆಂದು ನೋಡಲು ಮಣ್ಣಿನ ಬಗ್ಗಡಕ್ಕೆ ನೇರವಾಗಿ ಸುಣ್ಣದ ತಿಳಿಯನ್ನು ಬಿಟ್ಟು ನೋಡಿ. ಹನಿ ಬಿದ್ದ ಕೂಡಲೇ ರಸಸಾರ ಏರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಇಳಿಯುತ್ತದೆ, ಏಕೆಂದರೆ ಜೇಡಿಯೂ ಸಾವಯವ ವಸ್ತುವೂ ತಮ್ಮೊಳಗಿನ ಹುಳಿಯನ್ನು ನಿಧಾನವಾಗಿ ಹೊರಬಿಡುತ್ತಲೇ ಇರುತ್ತವೆ. ಕಾಯದ ಯಂತ್ರ ಮೊದಲ ಏರಿಕೆಯನ್ನೇ ನಂಬಿ ‘ಗುರಿ ಮುಟ್ಟಿತು’ ಎನ್ನುತ್ತದೆ. ಆ ಲೆಕ್ಕದಂತೆ ಸುಣ್ಣ ಹಾಕಿದ ರೈತನ ಗದ್ದೆ ಮುಂದಿನ ಹಂಗಾಮಿನಲ್ಲೂ ಹುಳಿಯಾಗಿಯೇ ಇರುತ್ತದೆ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಪರೀಕ್ಷಾಲಯದವರು ಇದಕ್ಕೆ ಕಂಡುಕೊಂಡ ದಾರಿ ಸೊಗಸಾಗಿದೆ. ಹನಿ ಹನಿಯಾಗಿ ಬಿಡುವುದನ್ನೇ ಕೈಬಿಟ್ಟು, ಗೊತ್ತಾದ ಅಳತೆಯ ಸುಣ್ಣದ ದ್ರಾವಣವನ್ನು ಒಂದೇ ಸಲ ಹಾಕಿ, ಅರ್ಧ ಗಂಟೆ ಕಾದು, ರಸಸಾರ ಎಷ್ಟು ಏರಿತೆಂದು ಓದಿ, ಅದರಿಂದ ಬೇಕಾದ ಸುಣ್ಣದ ಲೆಕ್ಕ ಹಾಕುತ್ತಾರೆ. ಹೆಜ್ಜೆ ಒಂದೇ, ಕಾಯುವುದು ಹೆಚ್ಚು.

ಕಾಯುವುದನ್ನು ಯಂತ್ರಕ್ಕೆ ಎರಡು ರೀತಿಯಲ್ಲಿ ಹೇಳಬಹುದು. ಪ್ರತಿ ಹನಿಯ ನಂತರ ಇಷ್ಟು ಸೆಕೆಂಡು ಎಂದು ಗೊತ್ತು ಮಾಡುವುದು ಒಂದು. ಅಂಕಿಯ ತೂಗಾಟ ನಿಮಿಷಕ್ಕೆ ಇಷ್ಟು ಮಿಲಿವೋಲ್ಟಿಗಿಂತ ಕೆಳಗಿಳಿಯುವವರೆಗೆ ಎನ್ನುವುದು ಇನ್ನೊಂದು. ಎರಡನೆಯದು ಉತ್ತಮ, ಚಪ್ಪಟೆ ಜಾಗದಲ್ಲಿ ಬೇಗ ಮುಂದುವರಿಯುತ್ತದೆ, ಕಡಿದಾದ ಜಾಗದಲ್ಲಿ ತಾನೇ ತಡೆಯುತ್ತದೆ. ಆದರೆ ಎಲೆಕ್ಟ್ರೋಡ್ ಹಳೆಯದಾಗಿ ತೂಗಾಟ ನಿಲ್ಲದೇ ಹೋದರೆ ಯಂತ್ರ ಕಾಯುತ್ತಲೇ ಇರುತ್ತದೆ. ಅದಕ್ಕೊಂದು ಗರಿಷ್ಠ ಕಾಲಮಿತಿಯನ್ನೂ ಹಾಕಿಡಬೇಕು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಒಟ್ಟಿಗೆ ಅಳೆಯುವಾಗ ಬಣ್ಣ ಕೆಂಪಿನಿಂದ ನೀಲಿಗೆ ತಿರುಗುವುದು ಕೊನೆಯಲ್ಲಿ ನಿಧಾನ. ಅಲ್ಲಿಯೂ ಇದೇ ಎಚ್ಚರಿಕೆ ಬೇಕು.

ಫೆರಸ್ ದ್ರಾವಣ ಗಾಳಿಗೆ ಬಲ ಕಳೆದುಕೊಳ್ಳುವಂಥದು. ನಿನ್ನೆಯ ಖಾಲಿ ಪಾತ್ರೆಯ ಅಂಕಿಯನ್ನು ಇಂದು ಬಳಸಬಾರದು. ಮೊದಲೇ ಒಟ್ಟಿಗೆ ಬಿಡುವ ಪ್ರಮಾಣ, ಹೆಜ್ಜೆ, ಕಾಯುವ ಹೊತ್ತು ಈ ಮೂರೂ ಖಾಲಿ ಪಾತ್ರೆಗೂ ಮಣ್ಣಿನ ಪಾತ್ರೆಗೂ ಒಂದೇ ಇರಲಿ. ಆಗ ಎರಡರಲ್ಲೂ ಆಗುವ ಸಣ್ಣ ತಪ್ಪು, ಕಳೆಯುವಾಗ ಬಹುಮಟ್ಟಿಗೆ ಹೊರಟುಹೋಗುತ್ತದೆ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ರೈತರು ಎಲ್ಲದರ ಹಿಂದಿನ ರಸಾಯನಶಾಸ್ತ್ರವನ್ನು ಕಲಿಯಬೇಕಾಗಿಲ್ಲ. ಆದರೆ ನಿಮ್ಮ ಅಂಕಿ 0.48 ಅಥವಾ 0.52ರಂತೆ ಗೆರೆಯ ಮಗ್ಗುಲಲ್ಲೇ ಬಂದಿದ್ದರೆ, ಮಾದರಿಯನ್ನು ಎರಡು ಸಲ ಅಳೆದಿದ್ದಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಎರಡು ಅಳತೆಗಳ ನಡುವೆ 0.03 ಅಂತರವಿದ್ದರೆ ಅಂಥ ಹೊಲವನ್ನು ಕಡಿಮೆ ಎಂದೋ ಮಧ್ಯಮ ಎಂದೋ ಗಟ್ಟಿಯಾಗಿ ಹೇಳುವುದಕ್ಕಿಂತ ‘ಗಡಿಯಲ್ಲಿದೆ’ ಎಂದು ಬರೆಯುವುದೇ ಪ್ರಾಮಾಣಿಕ. ಅಂಥ ಕಡೆ ಕಳೆದ ವರ್ಷ ಹಾಕಿದ ಕೊಟ್ಟಿಗೆ ಗೊಬ್ಬರ, ಹಿಂದಿನ ಬೆಳೆ ಇವನ್ನು ವಿಚಾರಿಸಿ ವಿಸ್ತರಣಾ ಕಾರ್ಯಕರ್ತರು ಸಲಹೆ ಕೊಡಲಿ.

ಇನ್ನೊಂದು ಮಾತನ್ನೂ ಹೇಳಬೇಕು. ಬದುವಿನ ಪಕ್ಕದಿಂದಲೋ, ತಿಪ್ಪೆ ಇದ್ದ ಜಾಗದಿಂದಲೋ ಒಂದೇ ಗುದ್ದಲಿ ಮಣ್ಣು ತಂದುಕೊಟ್ಟರೆ ಯಾವ ಕ್ರಮದ ಹನಿಯೂ ಅದನ್ನು ಸರಿಪಡಿಸದು. ಹೊಲದ ಹತ್ತು ಹದಿನೈದು ಕಡೆ ಇಂಗ್ಲಿಷಿನ ‘ವಿ’ ಅಕ್ಷರದಂತೆ 15 ಸೆಂಟಿಮೀಟರ್ ಆಳ ಅಗೆದು, ಪಕ್ಕದಿಂದ ಒಂದೇ ದಪ್ಪದ ಮಣ್ಣು ಕೆತ್ತಿ, ಒಟ್ಟು ಬೆರೆಸಿ, ನಾಲ್ಕು ಪಾಲು ಮಾಡಿ ಎದುರು ಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ ತನ್ನಿ. ಪ್ರಯೋಗಾಲಯದವರು ಹೊಸ ಹೊಂದಾಣಿಕೆಯನ್ನು ಬಳಕೆಗೆ ತರುವ ಮೊದಲು ಹೀಗೆ ಬಂದ ಹತ್ತು ಮಾದರಿಗಳನ್ನು, ಬಯಲುಸೀಮೆಯವು ಕೆಲವು, ಮಲೆನಾಡಿನವು ಕೆಲವು, ಯಂತ್ರದಿಂದಲೂ ಕೈ ಬ್ಯೂರೆಟ್ಟಿನಿಂದಲೂ ಅಳೆದು ಅಕ್ಕಪಕ್ಕ ಬರೆದಿಡಲಿ. ವ್ಯತ್ಯಾಸ ಒಂದೇ ಕಡೆಗೆ ವಾಲಿದ್ದರೆ ಕಾಯುವ ಹೊತ್ತನ್ನು ಮೊದಲು ತಿದ್ದಿ, ಹೆಜ್ಜೆಯನ್ನು ಆಮೇಲೆ ಮುಟ್ಟಿ.